ಕೋಟೆನಾಡಿನಲ್ಲಿ ಉಬ್ಬರವಿಳಿತ

ನಮ್ಮೂರಿನ ಕೆರೆಯ ಏರಿಯ ಮೇಲೆ ಕಳೆದ ವಾರ ಒಂದು ನೀಲಿ ಫಲಕ ನೆಟ್ಟಿದ್ದಾರೆ. ‘ಉಬ್ಬರವಿಳಿತದ ಸಮಯ ಗಮನಿಸಿ ದೋಣಿ ಏರಿರಿ’ ಎಂದು ಅದರಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ಚಿತ್ರದುರ್ಗ ಜಿಲ್ಲೆಯವರಾದ ನಮಗೆ ಸಮುದ್ರವೆಂದರೆ ಘಟ್ಟ ಇಳಿದ ಮೇಲೆ ಕಾಣುವ ವಸ್ತು. ಅದು ತಾನೇ ಘಟ್ಟ ಹತ್ತಿ ನಮ್ಮ ಕೆರೆಗೆ ದಿನವೂ ಬಂದು ಹೋಗುತ್ತದೆಂಬ ಸಂಗತಿಯನ್ನು ಇದುವರೆಗೆ ಯಾರೂ ತಿಳಿಸಿರಲಿಲ್ಲ.

ವಿಚಾರಿಸಿದಾಗ ಗುಟ್ಟು ಬಯಲಾಯಿತು. ದೋಣಿವಿಹಾರ ಕೇಂದ್ರದ ಯೋಜನಾ ವರದಿಯನ್ನು ಕರಾವಳಿಯ ಯಾವುದೋ ಊರಿನ ವರದಿಯಿಂದ ಯಥಾವತ್ತಾಗಿ ಎತ್ತಿಕೊಂಡು, ಊರಿನ ಹೆಸರನ್ನಷ್ಟೇ ಬದಲಿಸಿದ್ದಾರೆ. ಹೀಗಾಗಿ ಕಾಗದದ ಮೇಲೆ ನಮ್ಮ ಕೆರೆಯ ಪಡುವಲಿಗೆ ಅರಬ್ಬೀ ಸಮುದ್ರವಿದೆ, ಮೂಡಲಿಗೆ ಮೀನುಗಾರಿಕಾ ಧಕ್ಕೆಯಿದೆ, ಸುತ್ತಲೂ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ವನವಿದೆ. ಕಾಂಡ್ಲಾ ಇಲ್ಲವೆಂದು ಕೊರಗುವವರು ಕೆರೆಯಂಗಳವನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳಬಹುದು.

ಇದರ ಮೂಲಪ್ರತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಮುನ್ನ ಅಗಲವಾಗಿ, ಸಾವಕಾಶವಾಗಿ ಹರಡಿಕೊಳ್ಳುತ್ತದೆ. ಅಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಮಾರನೆಯ ದಿನ ಸುಮಾರು 50 ನಿಮಿಷ ತಡವಾಗಿ ಅದೇ ಕ್ರಮ ಮರುಕಳಿಸುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರಿಕೆಯೂ ಇಳಿಕೆಯೂ ಜೋರಾಗಿರುತ್ತವೆ. ಆದ್ದರಿಂದ ದೋಣಿಯವರು ಗಡಿಯಾರದ ಜೊತೆಗೆ ತಿಥಿಯನ್ನೂ ನೋಡುತ್ತಾರೆ. ಇಳಿತದ ಹೊತ್ತಿನಲ್ಲಿ ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆಗೆ ನುಗ್ಗಿದರೆ ದೋಣಿ ಕೆಸರಿನಲ್ಲಿ ಕೂರುತ್ತದೆ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಆ ಸೀಮೆಯಲ್ಲಿ ಈ ಫಲಕಕ್ಕೆ ಅರ್ಥವಿದೆ. 500 ಮಿ.ಮೀ. ಬಿದ್ದರೆ ಒಳ್ಳೆಯ ವರ್ಷವೆನ್ನುವ ಚಳ್ಳಕೆರೆಯ ಸೀಮೆಯಲ್ಲಿ ಅದನ್ನು ಓದಲು ಕಲ್ಪನಾಶಕ್ತಿ ಬೇಕು.

ಹಾಗೆಂದು ನಮ್ಮಲ್ಲಿ ಉಬ್ಬರವಿಳಿತ ಇಲ್ಲವೇ ಇಲ್ಲವೆಂದರೆ ತಪ್ಪಾದೀತು. ಬೇಸಿಗೆಯಲ್ಲಿ ಓಣಿಗೆ ಟ್ಯಾಂಕರ್ ಬಂದಾಗ ಉಬ್ಬರ, ಹೋದಾಗ ಇಳಿತ. ನೆರೆಯ ದಾವಣಗೆರೆಯಲ್ಲಿ ಭದ್ರಾ ನಾಲೆಯ ಕೊನೆಯ ಭಾಗದ ರೈತರಿಗೂ, ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ‘ಆನ್ ಅಂಡ್ ಆಫ್’ ಎಂಬ ಹೆಸರಿನಲ್ಲಿ ಇದರ ಪರಿಚಯವಿದೆ. ಅಲ್ಲಿ ಚಂದ್ರನ ಕೆಲಸವನ್ನು ನೀರಾವರಿ ಸಲಹಾ ಸಮಿತಿ ಮಾಡುತ್ತದೆ. ಭದ್ರೆಯ ನೀರನ್ನು ನಮ್ಮ ಜಿಲ್ಲೆಗೂ ಹರಿಸಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದ ದಿನ ಇಡೀ ಜಿಲ್ಲೆಯೇ ಉಬ್ಬರ ಕಂಡಿತ್ತು. ಆ ಹಣ ಬಿಡುಗಡೆ ಮಾಡಿರೆಂದು ರಾಜ್ಯ ಮತ್ತೆ ಮತ್ತೆ ಕೇಳಬೇಕಾಗಿ ಬಂದ ಮುಂದಿನ ಕಾಲಕ್ಕೆ ಏನೆನ್ನಬೇಕೆಂಬುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವೇಳಾಪಟ್ಟಿ ಬೇಕೆನ್ನುವವರಿಗೆ ಹಿರಿಯೂರಿನ ಮಾರಿಕಣಿವೆಯ ಲೆಕ್ಕವಿದೆ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಹರಿಯಿತು. ಮತ್ತೆ ಹರಿದದ್ದು 2022ರಲ್ಲಿ. ಒಂದು ಉಬ್ಬರಕ್ಕೂ ಇನ್ನೊಂದಕ್ಕೂ ಕರಾವಳಿಯಲ್ಲಿ ಹನ್ನೆರಡೂವರೆ ಗಂಟೆ, ನಮ್ಮಲ್ಲಿ 89 ವರ್ಷ. ಫಲಕ ಬರೆಸಿದವರು ಈ ಅಂಕಿಯನ್ನೂ ಅದರ ಕೆಳಗೆ ನಮೂದಿಸಿದ್ದರೆ, ತಾತ ಕೊಂಡ ಟಿಕೆಟ್ಟನ್ನು ಮೊಮ್ಮಗ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದ.

ಸುರಕ್ಷತೆಯಲ್ಲಿ ಮಾತ್ರ ಯಾರೂ ಬೆರಳು ತೋರಿಸುವಂತಿಲ್ಲ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆಯು ಯಾಂತ್ರಿಕ ದೋಣಿಗಳ ನೋಂದಣಿ, ತಪಾಸಣೆ, ಜೀವರಕ್ಷಕ ಸಾಧನಗಳ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತದೆ. ನಮ್ಮ ದೋಣಿಗಳಿಗೆ ಯಂತ್ರವಿಲ್ಲ, ಕಾಲಿನಿಂದ ತುಳಿಯಬೇಕು. ಆದರೂ ಲೈಫ್ ಜಾಕೆಟ್‌ಗಳು ನೀರಿಗಿಂತ ಮೊದಲೇ ಬಂದು ಕಾಂಕ್ರೀಟಿನ ಧಕ್ಕೆಯ ಮೇಲೆ ಸಾಲಾಗಿ ತೂಗಾಡುತ್ತಿವೆ. ಧಕ್ಕೆಯಿಂದ ಮೊಣಕಾಲುದ್ದದ ನೀರಿಗೆ ಇನ್ನೂರು ಹೆಜ್ಜೆ ನಡೆಯಬೇಕು.

ಮೊನ್ನೆ ಸಂಜೆ ಅತ್ತ ಹೋದಾಗ, ಹಂಸದ ಕತ್ತಿರುವ ದೋಣಿಯೊಂದನ್ನು ಕಾವಲುಗಾರರು ಜಾಲಿ ಮರಕ್ಕೆ ಸರಪಳಿಯಿಂದ ಕಟ್ಟಿ ಬೀಗ ಹಾಕುತ್ತಿದ್ದರು. ಇದು ಎಲ್ಲಿಗೆ ತೇಲಿ ಹೋದೀತು ಯಜಮಾನರೇ ಎಂದು ಕೇಳಿದೆ.

“ತೇಲೋದಕ್ಕಲ್ಲ ಸಾರ್. ರಾತ್ರಿ ಯಾರಾದರೂ ಹೊತ್ತುಕೊಂಡು ಹೋಗಿ ದನದ ಬಾನಿ ಮಾಡ್ಕೊಂಡುಬಿಡ್ತಾರೆ” ಎಂದರು. ಆಮೇಲೆ ಫಲಕದತ್ತ ಒಮ್ಮೆ, ಕೆರೆಯಂಗಳದತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: “ಓದಿದೋರು, ಒಂಚೂರು ನೋಡಿ ಹೇಳಿ ಸಾರ್, ಇವತ್ತು ಅದು ಎಷ್ಟೊತ್ತಿಗೆ ಬರುತ್ತಂತೆ? ನಮ್ಮ ಆಡುಗಳೆಲ್ಲ ಒಳಗಡೆಯೇ ಮೇಯ್ತಾ ಇವೆ.”