ಏಪ್ರಿಲ್ ಕ್ಯಾಂಪ್ ಮತ್ತು ಹುಡುಗರ ಬೆನ್ನು

ನಾನಿರುವ ಇಂಗ್ಲೆಂಡಿನ ಕ್ಲಬ್ ಕ್ರಿಕೆಟ್‌ನಲ್ಲಿ 13 ವರ್ಷದೊಳಗಿನ ಫಾಸ್ಟ್ ಬೌಲರ್‌ಗೆ ಒಂದು ಸ್ಪೆಲ್‌ಗೆ, ಅಂದರೆ ಬಿಡುವಿಲ್ಲದೆ ಹಾಕುವ ಒಂದು ಸರದಿಗೆ, 5 ಓವರ್, ದಿನಕ್ಕೆ 10. ಅಷ್ಟೇ. 15ರೊಳಗಾದರೆ 6 ಮತ್ತು 12. ಮೊನ್ನೆ ನಮ್ಮ ಮನೆ ಹತ್ತಿರದ ಮೈದಾನದಲ್ಲಿ ಮೂರು ವಿಕೆಟ್ ಕಿತ್ತಿದ್ದ ಹುಡುಗನೊಬ್ಬ ಆರನೇ ಓವರ್‌ಗೆ ರೆಡಿಯಾಗಿದ್ದ. ಸ್ಕೋರ್ ಬರೆಯುತ್ತಿದ್ದ ಹೆಂಗಸು ಕುರ್ಚಿಯಿಂದಲೇ ಐದು ಬೆರಳು ತೋರಿಸಿದರು. ಹುಡುಗ ಸ್ವೆಟರ್ ಇಸ್ಕೊಂಡು ಫೈನ್ ಲೆಗ್‌ನಲ್ಲಿ ಫೀಲ್ಡಿಂಗ್ ಮಾಡಲು ನಡೆದ. ಅವನಪ್ಪನೂ ತಕರಾರು ತೆಗೆಯಲಿಲ್ಲ.

ನಮ್ಮ ಕಡೆ ಹೇಗೆ ಅಂತ ಗೊತ್ತಲ್ಲ. 'ಚೆನ್ನಾಗಿ ಬೀಳ್ತಿದೆ ಮಗಾ, ಇನ್ನೊಂದು ಹಾಕು!'

ಹದಿಹರೆಯದಲ್ಲಿ ಸೊಂಟದ ಹತ್ತಿರದ ಬೆನ್ನುಮೂಳೆ ಇನ್ನೂ ಬಲಿತಿರುವುದಿಲ್ಲ. ಫಾಸ್ಟ್ ಬೌಲರ್ ಪ್ರತಿ ಎಸೆತಕ್ಕೂ ಅದನ್ನು ಹಿಂದಕ್ಕೆ ಬಾಗಿಸಿ, ಪಕ್ಕಕ್ಕೆ ವಾಲಿಸಿ, ತಿರುಚುತ್ತಾನೆ. ಬಲಗೈ ಬೌಲರ್‌ಗೆ ಬಿರುಕು ಬೀಳುವುದು ಹೆಚ್ಚಾಗಿ ಎಡಬದಿಯಲ್ಲಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 82 ಯುವ ಬೌಲರ್‌ಗಳನ್ನು ಒಂದು ಸೀಸನ್ ಪೂರ್ತಿ ಗಮನಿಸಿದರು. 1989ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 11% ಹುಡುಗರಿಗೆ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಬೀಳುವ ಹೊರೆಯಿಂದ ಮೂಳೆಯಲ್ಲಿ ಬಿರುಕು, ಆಗಿತ್ತು. ನಮ್ಮ ಕರ್ನಾಟಕದ ಫಾಸ್ಟ್ ಬೌಲರ್ ಪ್ರಸಿದ್ಧ ಕೃಷ್ಣ 2023ರ ಐಪಿಎಲ್ ಆಡಲಾಗದೆ ಹೋಗಿದ್ದೂ ಇದೇ ತೊಂದರೆಯಿಂದ.

ಜಾಸ್ತಿ ಹಾಕಿಸಬಾರದು ಅನ್ನೋದು ಎಲ್ಲರಿಗೂ ಅರ್ಥವಾಗುತ್ತೆ. ಆದರೆ ಸುಮ್ನೆ ಕೂತಿದ್ದ ಮೈಗೆ ಒಮ್ಮೆಲೇ ಹೊರೆ ಹೇರುವುದೂ ಅಷ್ಟೇ ಕೆಟ್ಟದ್ದು, ಮತ್ತು ಏಟು ಅವತ್ತೇ ಕಾಣುವುದಿಲ್ಲ. ಆಸ್ಟ್ರೇಲಿಯಾದ ಲೆಕ್ಕ ನೋಡಿ. ಒಂದೇ ಪಂದ್ಯದಲ್ಲಿ 50 ಓವರ್ ದಾಟಿದ, ದೊಡ್ಡವರ ಕ್ರಿಕೆಟ್ ಆಡುವ ಬೌಲರ್‌ಗಳಿಗೆ ಗಾಯದ ಅಪಾಯ ಏರಿದ್ದು ಮುಂದಿನ ಮೂರು ನಾಲ್ಕು ವಾರಗಳಲ್ಲಿ.

ಈಗ ಬೆಂಗಳೂರಿನ ಬೇಸಿಗೆ ಕ್ಯಾಂಪ್ ನೆನಪಿಸಿಕೊಳ್ಳಿ. ಫೆಬ್ರವರಿ, ಮಾರ್ಚ್ ಪೂರ್ತಿ ಪರೀಕ್ಷೆ. ಬ್ಯಾಟು ಬಾಲು ಅಟ್ಟದ ಮೇಲೆ. ಪರೀಕ್ಷೆ ಮುಗಿದ ಮರುವಾರವೇ ಬೆಳಿಗ್ಗೆ ಆರಕ್ಕೆ ನೆಟ್ಸ್, ಸಂಜೆ ಮತ್ತೆ ನೆಟ್ಸ್, ಭಾನುವಾರ ಮ್ಯಾಚು. ದುಡ್ಡು ಕೊಟ್ಟ ಅಪ್ಪನಿಗೆ ಮಗ ಬೆವರೋದು ಕಾಣಬೇಕು. ಮೇ ಕೊನೆಗೆ ಬೆನ್ನು ಹಿಡಿದಾಗ 'ಶೂ ಸರಿಯಿಲ್ಲ', 'ರಾತ್ರಿ ಮೊಬೈಲ್ ನೋಡ್ತಾನೆ' ಅಂತಾರೆ. ಮುಲಾಮು ತಿಕ್ಕಿ ಎರಡು ದಿನ ಬಿಟ್ಟು ಮತ್ತೆ ಬೌಲಿಂಗ್. ಏಪ್ರಿಲ್ ಒಂದನೇ ವಾರದ ನೆನಪು ಯಾರಿಗೂ ಇರಲ್ಲ.

ಇಲ್ಲಿ ಇಂಗ್ಲೆಂಡಿನವರದೂ ಪೂರ್ತಿ ಸರಿಯೇನಲ್ಲ. ಹುಡುಗ ಶಾಲೆಗೆ ಆಡ್ತಾನೆ, ಕ್ಲಬ್‌ಗೆ ಆಡ್ತಾನೆ, ಚೆನ್ನಾಗಿ ಆಡಿದರೆ ಕೌಂಟಿ, ಅಂದರೆ ಜಿಲ್ಲೆಯಂಥ ಪ್ರದೇಶದ, ತಂಡಕ್ಕೂ ಆಡ್ತಾನೆ. ಮೂರು ಕಡೆಯ ಲೆಕ್ಕ ಕೂಡಿಸುವವರು ಎಷ್ಟೋ ಸಲ ಯಾರೂ ಇರುವುದಿಲ್ಲ. ಇನ್ನು ಕೆಲವು ಮಕ್ಕಳು ವಾರಕ್ಕೊಮ್ಮೆ ನಾಲ್ಕು ಓವರ್ ಹಾಕಿ ಬೌಲರ್ ಅನ್ನಿಸಿಕೊಳ್ತಾರೆ. ಅಷ್ಟು ಕಡಿಮೆ ಹಾಕಿದರೆ ಮೈ ಗಟ್ಟಿಯಾಗೋದಾದರೂ ಹೇಗೆ?

ಹಾಗಾಗಿ ಇಂಗ್ಲೆಂಡಿನ ಓವರ್ ಮಿತಿಯನ್ನು ಹಾಗೇ ನಕಲು ಮಾಡಿ ಅಂತ ನಾನು ಹೇಳಲ್ಲ. ಕ್ಯಾಂಪ್ ಸೇರಿಸಿಕೊಳ್ಳುವಾಗ ಜೆರ್ಸಿ ಸೈಜು ಕೇಳ್ತಾರಲ್ಲ, ಅದರ ಜೊತೆಗೆ 'ಹೋದ ತಿಂಗಳು ವಾರಕ್ಕೆ ಎಷ್ಟು ಓವರ್ ಹಾಕ್ತಿದ್ದೆ?' ಅಂತಲೂ ಕೇಳಲಿ. 'ಹಾಕೇ ಇಲ್ಲ ಸಾರ್' ಅಂದವನಿಗೆ ಮೊದಲ ವಾರ ದಿನ ಬಿಟ್ಟು ದಿನ ಮೂರೇ ಓವರ್ ಸಾಕು. ಉಳಿದ ಹೊತ್ತು ಕ್ಯಾಚ್ ಹಿಡೀಲಿ.