ಟಿಕೆಟ್ ಪ್ಯಾರಿಸ್ಸಿಗೆ, ಇಳಿದದ್ದು ಬೋವೆಯಲ್ಲಿ

ಟಿಕೆಟ್‌ನಲ್ಲಿ ಪ್ಯಾರಿಸ್ ಅಂತಲೇ ಇತ್ತು. ಇಳಿದು ನೋಡಿದರೆ ಬೋವೆ! ಪ್ಯಾರಿಸ್ ಇನ್ನೂ ಸುಮಾರು 80 ಕಿಲೋಮೀಟರ್ ದೂರ. ರೋಮ್‌ನಿಂದ ಈ ಅಗ್ಗದ ವಿಮಾನ ಹುಡುಕಿದ್ದು ನಮ್ಮ ಭಾವ. ಉಳಿದ ದುಡ್ಡಲ್ಲಿ ಅರ್ಧ ಬಸ್ಸೇ ನುಂಗುತ್ತದೆ ಅಂತ ಗೊತ್ತಾದ ಮೇಲೂ ಅವರ ಮುಖ ಬಾಡಲಿಲ್ಲ. "ಅರ್ಧ ಆದ್ರೂ ಉಳೀತಲ್ಲ" ಅಂದರು.

ಭಾವ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಫೋನಿನಲ್ಲಿ 'ಉಳಿತಾಯ' ಅಂತ ಒಂದು ಪಟ್ಟಿ ಇಟ್ಟಿದ್ದಾರೆ. ನಲ್ಲಿ ನೀರು ಕುಡಿದದ್ದೂ ಅದರಲ್ಲಿ ಜಮಾ. ಅಕ್ಕ ಆಸೆಪಟ್ಟು, ಇವರ ಮುಖ ನೋಡಿ ಬಿಟ್ಟು ಬಂದ ಚರ್ಮದ ಬ್ಯಾಗೂ ಜಮಾ. ಕೊಳ್ಳದ ಸಾಮಾನಿನ ಪೂರ್ತಿ ಬೆಲೆ ಉಳಿತಾಯವಂತೆ. ಹಾಗಿದ್ದರೆ ಐಫೆಲ್ ಟವರ್ ಕೊಳ್ಳದೆ ನಾವು ಎಷ್ಟು ಕೋಟಿ ಉಳಿಸಿದ್ದೇವೋ!

"ಹೇಗೂ ಬಂದಿದ್ದೀವಿ, ಇಲ್ಲಿನ ಕೆಥೆಡ್ರಲ್ ನೋಡೋಣ. ಒಳಗೆ ಹೋಗೋದು ಫ್ರೀ" ಅಂದರು. ಸೂಟ್‌ಕೇಸ್ ಎಳೆಯುತ್ತಾ ಹೊರಟೆವು.

ಈ ಸೇಂಟ್ ಪೀಟರ್ ಕೆಥೆಡ್ರಲ್ ಕಟ್ಟಲು ಶುರು ಮಾಡಿದ್ದು 1225ರಲ್ಲಿ. ಎಲ್ಲರಿಗಿಂತ ಎತ್ತರ ಕಟ್ಟಬೇಕು ಅನ್ನುವ ಹಟ. ಒಳಗಿನ ಕಮಾನು ಚಾವಣಿ 48 ಮೀಟರ್ ಎತ್ತರ. ಗಾಥಿಕ್ ಅನ್ನುವ ಮಧ್ಯಯುಗದ ಶೈಲಿಯ ಚರ್ಚುಗಳಲ್ಲೇ ಇದು ಜಾಸ್ತಿ. 1284ರಲ್ಲಿ ಒಂದಷ್ಟು ಭಾಗ ಕುಸಿಯಿತು. ಆಮೇಲೆ ಕಂಬಗಳ ನಡುವೆ ಇನ್ನೂ ಕಂಬ ಕೊಟ್ಟರು. ಅಷ್ಟಕ್ಕೇ ಬುದ್ಧಿ ಬರಬೇಡವೇ? 1569ಕ್ಕೆ 153 ಮೀಟರ್ ಎತ್ತರದ ಗೋಪುರ ಏರಿಸಿದರು. ಜನ ಕೂರುವ ಉದ್ದದ ಹಜಾರವನ್ನು ಇನ್ನೂ ಕಟ್ಟಿರಲೇ ಇಲ್ಲ. ಹಾಗಾಗಿ ಆ ಕಡೆ ಗೋಪುರಕ್ಕೆ ಆಸರೆಯೇ ಇಲ್ಲ. 1573ರಲ್ಲಿ, ಯೇಸು ಸ್ವರ್ಗಕ್ಕೇರಿದ ಹಬ್ಬದ ದಿನ, ಗೋಪುರ ಕೆಳಗಿಳಿಯಿತು. ಪುಣ್ಯಕ್ಕೆ ಜನರೆಲ್ಲ ಮೆರವಣಿಗೆಗೆ ಹೊರಗೆ ಹೋಗಿದ್ದರು.

"ಎಸ್ಟಿಮೇಟ್ ಇಲ್ಲದೆ ಲೋನ್ ಕೊಟ್ಟವರು ಯಾರು?" ಭಾವ ಗೊಣಗಿದರು.

ಹಜಾರ ಇವತ್ತಿಗೂ ಇಲ್ಲ. ಅದು ಬರಬೇಕಿದ್ದ ಜಾಗದಲ್ಲಿ ಸಾವಿರ ವರ್ಷ ಹಳೆಯ ಪುಟ್ಟ ಚರ್ಚಿನ ಒಂದು ತುಂಡು ನಿಂತಿದೆ. ಅದನ್ನು ಕೆಡವಿ ಹಜಾರ ಕಟ್ಟಬೇಕಿತ್ತು. ದುಡ್ಡು ಮುಗಿಯಿತು, ಚರ್ಚು ಬದುಕಿಕೊಂಡಿತು. 1940ರ ಜೂನ್‌ನಲ್ಲಿ ಜರ್ಮನ್ ಬಾಂಬುಗಳಿಗೆ ಹಳೆಯ ಊರಿನ ಬಹುಪಾಲು ಸುಟ್ಟುಹೋಯಿತು. ಎರಡು ಸಲ ತಾನಾಗಿ ಬಿದ್ದ ಈ ಅರ್ಧ ಕಟ್ಟಡ ಮಾತ್ರ ಬೀಳಲಿಲ್ಲ. ಅದನ್ನು ಓದಿ ನನಗೆ ಯಾಕೋ ಗಂಟಲು ಕಟ್ಟಿತು. ಪಕ್ಕದಲ್ಲಿ ಭಾವ, "ನೋಡು, ದುಡ್ಡು ಇಲ್ಲದಿದ್ರೂ ಎಷ್ಟು ಉಳಿಯುತ್ತೆ" ಅಂದರು. ಸಿಟ್ಟು ವಾಪಸ್ ಬಂತು.

ಒಳಗೆ 1860ರ ದಶಕದ ದೊಡ್ಡ ಖಗೋಳ ಗಡಿಯಾರ ಇದೆ. ಸುಮಾರು 90,000 ಬಿಡಿಭಾಗಗಳಂತೆ. ಅದರ ಗೊಂಬೆಗಳು, ಲೋಕ ಮುಗಿಯುವಾಗ ದೇವರು ಎಲ್ಲರ ಪಾಪ-ಪುಣ್ಯ ನೋಡಿ ಕೊಡುವ ಕೊನೆಯ ತೀರ್ಪನ್ನು ಆಡಿ ತೋರಿಸುತ್ತವೆ. ಅದಕ್ಕೆ ಮಾತ್ರ ಟಿಕೆಟ್.

"ಕೊನೆಯ ತೀರ್ಪಾ? ಅದನ್ನ ಮುಂದೆ ಹೇಗೂ ಫ್ರೀಯಾಗಿ ನೋಡ್ತೀವಲ್ಲ" ಅಂದು ಭಾವ ಬೆಂಚಿನ ಮೇಲೆ ಕೂತೇ ಬಿಟ್ಟರು. ಪಟ್ಟಿಗೆ ಇನ್ನೊಂದು ಸಾಲು ಸೇರಿತು. ನಾನೂ ಅಕ್ಕನೂ ಟಿಕೆಟ್ ತಗೊಂಡು ನೋಡಿ ಬಂದೆವು.

"ಏನಿತ್ತು?" ಅಂದರು.

"ಪಾಪಿಯನ್ನ ದೆವ್ವ ನರಕಕ್ಕೆ ಎಳ್ಕೊಂಡು ಹೋಯ್ತು, ಭಾವ."

"ಬಸ್ ಚಾರ್ಜು ಕೇಳ್ಲಿಲ್ವಾ?"