ಕಾಫಿ ಮತ್ತು ಕ್ಯಾನ್ಸರ್: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

'ಕಾಫಿ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ' ಎಂಬ ವಾಟ್ಸ್ಆ್ಯಪ್ ಸಂದೇಶ ಹಳಸಿದ ಮಾಹಿತಿ. ಆ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1991ರಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ ಕಾಫಿ ಕಾರಣವಿರಬಹುದು ಎಂದದ್ದು ನಿಜ. ಆದರೆ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ 2016ರಲ್ಲಿ ಕಾಫಿಯನ್ನು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಆಗ ಎಚ್ಚರಿಸಿದ್ದು ಬಿಸಿಯ ಬಗ್ಗೆ: 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವ ಪಾನೀಯವೂ ಅನ್ನನಾಳದ ಕ್ಯಾನ್ಸರ್ ತರುವ ಸಂಭವವಿದೆ. ಹಬೆಯಾಡುವ ಕಾಫಿಯನ್ನು ಹಾಗೇ ಹೀರುವವರು ದಯವಿಟ್ಟು ಸ್ವಲ್ಪ ಆರಲು ಬಿಡಿ.

ಹಾಗಂತ ಎಷ್ಟಾದರೂ ಕುಡಿಯಬಹುದು ಎಂದಲ್ಲ. ಸುಳ್ಳು ಭಯ ಹಬ್ಬಿಸುವವರು ನಿಜವಾದ ತೊಂದರೆಗಳನ್ನೇ ಮರೆಸುತ್ತಾರೆ, ನನಗೆ ಬೇಸರ ಅದಕ್ಕೇ. ಕಾಫಿಯಲ್ಲಿರುವ ಉತ್ತೇಜಕ ಅಂಶ ಕೆಫೀನ್ ಅತಿಯಾದರೆ ಎದೆ ಢವಢವ, ಕೈನಡುಕ, ಕಳವಳ. ಸಂಜೆ ಐದಕ್ಕೆ ಕುಡಿದದ್ದರಲ್ಲಿ ಸುಮಾರು ಅರ್ಧದಷ್ಟು ಕೆಫೀನ್ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ, ನಿದ್ದೆಗೆಡುವುದು ಹೀಗೆ. ಊಟದ ಬೆನ್ನಿಗೇ ಕುಡಿದರೆ ಸೊಪ್ಪು, ಕಾಳುಗಳ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ಮುಖ್ಯವಾಗಿ ಗಮನಿಸಬೇಕು. ಊಟಕ್ಕೆ ಒಂದು ಗಂಟೆ ಮೊದಲೂ ಆಮೇಲೂ ಕಾಫಿ, ಟೀ ಬೇಡ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಸಲಹೆ. ಅದು ಹೇಳುವ ದಿನದ ಮಿತಿ 300 ಮಿಲಿಗ್ರಾಂ ಕೆಫೀನ್. ಗರ್ಭಿಣಿಯರು 200 ದಾಟದಿರುವುದು ಒಳ್ಳೆಯದು. ಟೀ, ಕೋಲಾಗಳಲ್ಲಿರುವ ಕೆಫೀನ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಕಾಫಿ ಪುಡಿಗೆ ಬೆರೆಸುವ ಚಿಕೋರಿಯಲ್ಲಿ ಕೆಫೀನ್ ಇಲ್ಲ.